ಎಕ್ಸ್‌ಪ್ರೆಸ್ ಸಿಸ್ಟರ್

“ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ದಿನಾ ಹನ್ನೊಂದು ಗಂಟೆ ಹೊತ್ತಿಗೆ ನೀವು ಹೀಗೆ ಧಡಧಡ ಓಡಾಡಿದ್ರೆ ನಾನು ಹಗಲು ಒಂದು ಗಳಿಗೆ ಮಲಗೋದು ಹೇಗೆ?” ಕೆಳಮನೆಯ ಟೈಪಿಂಗ್ ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದರು.

ಅವಳಿಗೆ ನಗು ಬಂತು. ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ ‘ಎಕ್ಸ್‌ಪ್ರೆಸ್ ಸಿಸ್ಟರ್’ ಅನ್ನಿಸಿಕೊಂಡವಳು ನಿಜ. ಆದರೆ ಹೋದ ತಿಂಗಳು ಔಷಧಿ ಬೀರುವಿನ ಮುಂದೆ ಕುಸಿದು ಬಿದ್ದ ಮೇಲೆ, “ಈ ಹೃದಯ ಇನ್ನು ನಿಮ್ಮ ಓಟ ತಡ್ಕೊಳ್ಳೋಲ್ಲ” ಎಂದು ದೊಡ್ಡ ಡಾಕ್ಟರು ಮೂರು ತಿಂಗಳು ರಜೆ ಹಾಕಿಸಿದ್ದರು. ಯೋಗ ಹೇಳಿಕೊಡುವ ನಾದಿನಿ ಅವತ್ತಿನಿಂದ ಬೆನ್ನು ಬಿಟ್ಟಿರಲಿಲ್ಲ. ಊಟ ಮಾಡುವಾಗ ಊಟವನ್ನೇ ನೋಡಿ. ನಡೆಯುವಾಗ ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಆಮೇಲೆ ಬೆರಳು. ಹನ್ನೊಂದು ಗಂಟೆಗೆ ಚಾಪೆ ಹಾಸಿ ಕಣ್ಣು ಮುಚ್ಚಿ, ಉಸಿರು ಬಂದು ಹೋಗೋದನ್ನ ಕಾಯಿರಿ.

“ನೀವು ಹೇಳೋ ಹೊತ್ತಿಗೆ ನಾನು ಚಾಪೆ ಮೇಲೆ ಕಲ್ಲಿನ ಹಾಗೆ ಕೂತಿರ್ತೀನಿ ಮೇಷ್ಟ್ರೇ. ನಮ್ಮನೆಯವರು ಕೆಲಸಕ್ಕೆ ಹೋಗಿರ್ತಾರೆ. ಓಡೋಕೆ ಯಾರಿದ್ದಾರೆ?”

“ಯಾವ ಬೆರಳು ತಪ್ಪು ಅಕ್ಷರ ಕುಟ್ಟಿತು ಅಂತ ಮೂಲೇಲಿ ಕೂತೇ ಹೇಳ್ತಿದ್ದ ಕಿವಿ ಇದು. ನಿಮ್ಮ ನಡಿಗೆ ಗೊತ್ತಾಗೋಲ್ವೇ? ಎಡ ಹಿಮ್ಮಡಿ ಜೋರು, ಬಲ ಹಗುರ.”

ನಗು ಅಲ್ಲಿಗೇ ನಿಂತಿತು. ಹತ್ತು ವರ್ಷದ ಹಿಂದೆ ಸ್ಟ್ರೆಚರಿನ ಗಾಲಿ ಬಲಪಾದದ ಮೇಲೆ ಹಾಯ್ದಿತ್ತು. ಅಂದಿನಿಂದ ಅವಳು ಭಾರವನ್ನೆಲ್ಲ ಎಡಗಾಲಿಗೆ ಹಾಕಿಯೇ ಓಡುತ್ತಿದ್ದಳು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ನಾದಿನಿಗೆ ಫೋನ್ ಮಾಡಿ ವಿಷಯ ಹೇಳಿದಳು. “ಅತ್ತಿಗೆ, ಏನಾದ್ರೂ ಕೇಳಿಸಿದ್ರೆ ಕೇಳಿಸ್ಲಿ ಬಿಡಿ,” ಅಂದಳು ನಾದಿನಿ. “ಅದರ ಹಿಂದೆ ಹೋಗ್ಬೇಡಿ, ಅಟ್ಟೋದೂ ಬೇಡ. ಸುಮ್ನೆ ಗಮನ ಕೊಡಿ.”

ಮರುದಿನ ಹನ್ನೊಂದಕ್ಕೆ ಕಣ್ಣು ಮುಚ್ಚಿದಳು. ಮೊದಲು ಫ್ರಿಜ್ಜಿನ ಗೊರಗೊರ ಕೇಳಿಸಿತು. ಆಮೇಲೆ ಬೀದಿಯಲ್ಲಿ ಯಾರೋ ಗಾಡಿ ಒದೆಯುವ ಸದ್ದು. ಅದೂ ನಿಂತಾಗ ಅಡುಗೆಮನೆಯ ಡ್ರಾಯರು ಸರಕ್ಕನೆ ತೆರೆದುಕೊಂಡಿತು. ಎಡ ಹಿಮ್ಮಡಿ ಜೋರು, ಬಲ ಹಗುರ. ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಬಾಲ್ಕನಿಗೆ, ಅಲ್ಲಿಂದ ಏನೋ ಮರೆತವಳ ಹಾಗೆ ಮತ್ತೆ ಅಡುಗೆಮನೆಗೆ. ಚಾಪೆಯ ಅಂಚು ತುಳಿದುಕೊಂಡೇ ಹಾದುಹೋದಾಗ ಮುಖಕ್ಕೆ ಗಾಳಿ ಬಡಿಯಿತು. ಅದರಲ್ಲಿ ಫಿನಾಯಿಲ್ ವಾಸನೆ.

ಅವಳ ಕಿವಿ ನರ್ಸಿನದು. ಹೆಜ್ಜೆ ಬಿಟ್ಟು ಉಸಿರನ್ನು ಹಿಡಿಯಿತು. ಎರಡು ಸಲ ಏದುಸಿರು, ಮೂರನೆಯದಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂಥ ಉಸಿರಿನವರು ಎಷ್ಟು ಹೊತ್ತು ನಿಂತಿರಬಲ್ಲರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿಕೆಗಿಂತ ಮೊದಲು ಕರುಳು ಚುರುಕ್ ಎಂದಿತು. ಕಣ್ಣು ತೆರೆಯದೆಯೇ, ನಾಡಿ ನೋಡುವವಳ ಹಾಗೆ ಕೈ ಚಾಚಿದಳು.

ಹೆಜ್ಜೆ ನಿಂತಿತು. ತಣ್ಣನೆ ಬೆವರಿದ ಮಣಿಕಟ್ಟೊಂದು ಬಂದು ಬೆರಳುಗಳ ನಡುವೆ ಕೂತಿತು. ನಾಡಿ ಎಣಿಸಲಾಗದಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು.

“ಕೂತ್ಕೊಳ್ಳೇ,” ಅಂದಳು. “ಸ್ವಲ್ಪ ಹೊತ್ತು. ಯಾರೂ ಏನೂ ಅನ್ನೋಲ್ಲ.”

ಮಣಿಕಟ್ಟು ಕೊಸರಿಕೊಂಡಿತು. ಮುಂಬಾಗಿಲಿನ ಚಿಲಕ ಸರಿಯಿತು. ಎರಡೆರಡು ಮೆಟ್ಟಿಲು ಹಾರಿ ಇಳಿದ ಸದ್ದು ಬೀದಿಯ ಸದ್ದಿನಲ್ಲಿ ಸೇರಿಹೋಯಿತು. ಅವಳು ಹಿಂದೆ ಹೋಗಲಿಲ್ಲ. ಕಣ್ಣು ಬಿಟ್ಟಾಗ ಬಾಗಿಲು ಹಾರು ಹೊಡೆದಿತ್ತು.

ಮೂರು ಗಂಟೆಗೆ ಮನೆಯ ಫೋನು ಬಡಿದುಕೊಂಡಿತು. ಆ ಕಡೆ ವಾರ್ಡಿನ ಹಳೇ ಆಯಾ.

“ಸಿಸ್ಟರ್ ಮನೆಯವರಾ? ನೋಡಿ, ರಜೆ ಇದ್ರೂ ಓಡೋಡಿ ಬಂದುಬಿಟ್ಟಿದ್ದಾರೆ. ಬಂದೋರೇ ಒಂದು ಮಾತಿಲ್ಲ ಕತೆಯಿಲ್ಲ, ಮೂಲೆಯ ಖಾಲಿ ಮಂಚದ ಮೇಲೆ ಬಿದ್ಕೊಂಡ್ರು. ಇಷ್ಟು ವರ್ಷದಲ್ಲಿ ಅವರು ಕೂತಿದ್ದನ್ನೇ ನಾನು ಕಂಡಿಲ್ಲ, ಈಗ ಮಗು ಹಾಗೆ ನಿದ್ದೆ ಮಾಡ್ತಿದ್ದಾರೆ. ಡಾಕ್ಟರು ಬರೋ ಹೊತ್ತಾಯ್ತು. ಎಬ್ಬಿಸ್ಲಾ?”

ಅವಳು ಒಂದು ಉಸಿರು ಪೂರ್ತಿ ಬಂದು ಹೋಗುವ ತನಕ ಕಾದಳು.

“ಬೇಡ,” ಅಂದಳು, ಒಂದೊಂದೇ ಮಾತನ್ನು ಕೆಳಗಿಡುವ ಹಾಗೆ. “ಉಸಿರು ಸರಿಯಾಗಿ ಆಡ್ತಿದೆ ತಾನೇ? ಮಲಗಲಿ ಬಿಡಿ. ಒಂದು ಹೊದಿಕೆ ಹೊದಿಸಿ.”

“ಆಗ್ಲಿ ಅಮ್ಮ,” ಅಂದಳು ಆಯಾ. ಫೋನು ಇಡುವ ಮುಂಚೆ ಏನೋ ಅನುಮಾನ ಬಂದಿರಬೇಕು. “ಅಂದ ಹಾಗೆ, ನೀವು ಅವರಿಗೆ ಏನಾಗ್ಬೇಕು?”