ಉಸಿರಿನ ತವರು

ತನ್ನ ವಂಶದ ಉಸಿರು ಸಿಗದಿದ್ದರೆ ಕಸಿ ಮಾಡಿದ ಶ್ವಾಸಕೋಶ ವರ್ಷಗಳಾದ ಮೇಲೂ ಮುನಿಯುತ್ತದೆ. ಅದಕ್ಕೇ ನೀಲವ್ವನ ತೀರಿಕೊಂಡ ಮಗಳು ಗಂಗಿಯ ಶ್ವಾಸಕೋಶ ಹೊತ್ತ ಶಿವಪುತ್ರ ಅಮಾವಾಸ್ಯೆಗೊಮ್ಮೆ ಆಕೆಯ ಮನೆಗೆ ಬರುತ್ತಿದ್ದ. ಒಲೆಯ ಊದುಗೊಳವೆಯಿಂದ ಆಕೆ ಅವನ ಮೂಗಿಗೆ ಮೆಲ್ಲಗೆ ಉಸಿರು ಊಡುತ್ತಿದ್ದಳು.

ಈ ಸಲ ಊಡಿ ಮುಗಿದ ಮೇಲೆ ಅವನು ತಲೆ ತಗ್ಗಿಸಿದ. "ಯವ್ವಾ, ಅದು ನನ್ನ ಮೈಗೆ ಒಗ್ಗೇತಂತ. ಇನ್ನ ಹೋಗೂದು ಬ್ಯಾಡ ಅಂದಾರ ಡಾಕ್ಟರು."

"ಛಲೋ ಆತು. ನಮ್ಮ ಗಂಗಿ ಅತ್ತಿ ಮನಿಗೆ ಹೊಂದಿಕೊಂಡ್ಳು ಅನ್ನು," ಎಂದು ನೀಲವ್ವ ನಕ್ಕಳು. ಆಮೇಲೆ ಊದುಗೊಳವೆಯನ್ನು ಅವನ ಕೈಗಿತ್ತಳು. "ಹೋಗೂ ಮುಂದ ಒಮ್ಮೆ ಒಲಿ ಊದೋ ತಮ್ಮಾ."

ಅವನು ಜೋರಾಗಿ ಊದಿದ. ಬೂದಿ ಹಾರಿ ನೀಲವ್ವನ ತಲೆಯ ತುಂಬ ಕೂತಿತು. ಗಂಗಿಯೂ ಹೀಗೆಯೇ ಊದಿ ಬೈಸಿಕೊಳ್ಳುತ್ತಿದ್ದಳು.

ಸಂಜೆ ದೇವರ ಮುಂದೆ ದೀಪ ಹಚ್ಚುವಾಗಲೂ ನೀಲವ್ವ ಆ ಬೂದಿಯನ್ನು ಕೊಡವಿರಲಿಲ್ಲ.