ಮುಂದೆ ಹಾಕುವ ಗುಳಿಗೆ

“ಈಗ ಏನಾರ ಗುಳಿಗಿ ತಗೊಳ್ಳಾಕತ್ತೀಯೇನವಾ?” ಎಂದು ಡಾಕ್ಟರ್ ವತ್ಸಲಾ ಕೇಳಿದ್ದು ಸೊಸೆಯನ್ನು. ಉತ್ತರ ಕೊಟ್ಟಿದ್ದು ಅತ್ತೆ. ಸುಭದ್ರಾಬಾಯಿಗೆ ಅದು ರೂಢಿ. ಸಂಯುಕ್ತಾಳ ಹಸಿವು, ನಿದ್ದೆ, ತಲೆನೋವಿಗೆಲ್ಲ ಈ ಎರಡು ವರ್ಷದಿಂದ ಅವರದೇ ಬಾಯಿ.

“ಏನೂ ಇಲ್ಲರಿ. ಈಕಿಗೆ ಹಿಡದಿರೂದು ಅಂಜಿಕಿ, ಬರೇ ಅಂಜಿಕಿ. ಕಂಪನಿ ಗಾಡಿ ಬಂದು ಹಾರ್ನ್ ಹೊಡದ್ರ ಎದಿ ಹಿಡಕೊಂಡು ಕುಂದರತಾಳ. ಊಟಕ್ಕ ಕುಂತ್ರ ತಾಟಿನ ಮುಂದ ಅಳತಾಳ. ಯಾಕ ಅಂದ್ರ ಗೊತ್ತಿಲ್ಲ ಅಂತಾಳ. ಮೊದಲ ಹಿಂಗಿದ್ದಿಲ್ಲರಿ.”

ಗಂಡನ ಕಾರ್ಖಾನೆಯ ನೌಕರಿಗೆಂದು ಕುಷಾಯಿಗೂಡಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಮನೆಯೊಳಗಿನ ಮಾತನ್ನು ತೆಲುಗಿನಲ್ಲಿ ಹೇಳಲು ಸುಭದ್ರಾಬಾಯಿಗೆ ನಾಲಿಗೆ ಏಳುತ್ತಿರಲಿಲ್ಲ. ಊರಲ್ಲೇ ಧಾರವಾಡ ಕಡೆಯ ಡಾಕ್ಟರೊಬ್ಬರಿದ್ದಾರೆ ಎಂದು ಕೇಳಿ ಹುಡುಕಿಕೊಂಡು ಬಂದಿದ್ದರು. ಬಂದದ್ದು ಒಂದೇ ಮಾತು ತಿಳಿಯಲು: ಸೊಸೆಗೆ ತಲೆ ಕೆಟ್ಟಿದೆಯೋ, ಇಲ್ಲವೋ. ಕೆಟ್ಟಿದ್ದರೆ ವಿಜಾಪುರಕ್ಕೆ, ತವರಿಗೆ ಕಳಿಸಿಬಿಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಮಗ ವಿನಾಯಕ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಹೂಂ ಎಂದವಳು ಸಂಯುಕ್ತಾ. ಮಾಧಾಪುರದ ಹೊಸ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದು ಅವಳ ಕೆಲಸ. ತನ್ನೊಳಗೆ ಏನು ತಪ್ಪಿದೆಯೆಂದು ಮಾತ್ರ ಹುಡುಕಿ ಹುಡುಕಿ ಸೋತುಹೋಗಿದ್ದಳು ಪಾಪ.

“ಕಡೀಕ ಮುಟ್ಟಾಗಿದ್ದು ಯಾವಾಗ?”

ಸಂಯುಕ್ತಾ ಅತ್ತೆಯ ಮುಖ ನೋಡಿದಳು.

“ಎರಡೂವರಿ ತಿಂಗಳಾತ್ರಿ,” ಎಂದರು ಸುಭದ್ರಾಬಾಯಿ. ಡಾಕ್ಟರು ಹುಬ್ಬೇರಿಸಿದ್ದು ಕಂಡು ತಾವೇ ಕೈಯಾಡಿಸಿದರು. “ನೀವು ತಿಳಕೊಂಡಂಗ ಅಲ್ಲರಿ. ನಾನ ತಡದೇನಿ.”

ಹೇಗೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಮೊಮ್ಮಗನಿಗಾಗಿ ಸೊಸೆಯಿಂದ ಹದಿನಾರು ಶುಕ್ರವಾರದ ವ್ರತ ಹಿಡಿಸಿದ್ದರು. ನಡುವೆ ಹೊರಗಾದರೆ ಒಂದು ಶುಕ್ರವಾರ ತಪ್ಪುತ್ತದೆ. ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು ಎಂಬುದು ಅವರ ಲೆಕ್ಕ. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ ಪಕ್ಕದ ಮನೆಯ ಗೋದಾವರಿಬಾಯಿ ದಾರಿ ತೋರಿಸಿದರು. ಮದುವೆಗೆ, ಯಾತ್ರೆಗೆ ಎಂದು ಹೆಂಗಸರು ಮುಟ್ಟು ಮುಂದೆ ಹಾಕುವ ಗುಳಿಗೆ ನುಂಗುವುದಿಲ್ಲವೇ? ಹಾಗೆ. ಅಂದಿನಿಂದ ದಿನಾ ಬೆಳಿಗ್ಗೆ ತೀರ್ಥದ ಜೊತೆಗೆ ಸೊಸೆಯ ಅಂಗೈಗೆ ಒಂದೊಂದು ಹಾಕಿದ್ದೇ ಹಾಕಿದ್ದು. ಹನ್ನೊಂದು ಶುಕ್ರವಾರ ಎಲ್ಲೂ ಮುರಿಯದೆ ಮುಗಿದಿದ್ದವು.

“ಮತ್ತ ಗುಳಿಗಿ ಏನೂ ಇಲ್ಲ ಅಂದ್ರಿ?”

“ಅದು ರೋಗದ್ದಲ್ಲಲ್ಲರಿ, ವ್ರತದ್ದು!”

ಪರ್ಸಿನಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಬಿಳಿಯವು ಅರ್ಧಕ್ಕಿಂತ ಹೆಚ್ಚು ಮುಗಿದಿದ್ದವು. ಕೊನೆಯ ಸಾಲಿನ ಕೆಂಪಗಿನ ಏಳು ಹಾಗೇ ಇದ್ದವು. “ಈ ಕೆಂಪನೂ ಕೊಟ್ರ ಹೊರಗಾಗತಾರಂತ. ಅದಕ್ಕ ಬಿಳೇವು ಮುಗದ ಕೂಡಲೇ ಇವನ್ನ ಒಗದು ಹೊಸಾ ಪಟ್ಟಿ ಚಾಲೂ ಮಾಡತೀನಿ. ಒಂದ ದಿನಾನೂ ತಪ್ಪಿಸಿಲ್ಲರಿ.”

ವತ್ಸಲಾ ಪಟ್ಟಿಯನ್ನು ತಿರುಗಿಸಿ ಹಿಂದಿನ ಅಕ್ಷರ ಓದಿದರು. ಮತ್ತೊಮ್ಮೆ ಓದಿದರು.

“ಸುಭದ್ರಾಬಾಯಾರ, ಇವು ಮಕ್ಕಳಾಗಬಾರದು ಅಂತ ನುಂಗೂ ಗುಳಿಗಿರಿ.”

ಸುಭದ್ರಾಬಾಯಿ ಪಟ್ಟಿಯನ್ನು ಕಸಿದುಕೊಂಡು ತಾವೂ ತಿರುಗಿಸಿ ನೋಡಿದರು. ಕೂಸನ್ನು ಕೊಡು ಎಂದು ದೇವಿಯ ಮುಂದೆ ಸೆರಗೊಡ್ಡಿದವರೂ ತಾವೇ, ಅದು ಬರದಂತೆ ಬಾಗಿಲು ಹಾಕಿದವರೂ ತಾವೇ. ಹನ್ನೊಂದು ಶುಕ್ರವಾರದ ಉಪವಾಸ, ಬೆಲ್ಲ ಕಡಲೆಯ ನೈವೇದ್ಯ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಗೋದಾವರಿಯ ನಾಲಿಗೆಗೆ ಹುಳ ಬೀಳಲಿ!

“ಅಯ್ಯ ನನ್ನ ಮೊಮ್ಮಗನ...” ಎಂದಷ್ಟೇ ಬಂತು.

“ಮೊಮ್ಮಗನ ಮಾತು ಆಮ್ಯಾಲೆ,” ಡಾಕ್ಟರರ ದನಿ ಗಡುಸಾಯಿತು. ಸೊಸೆಯ ಕಡೆ ತಿರುಗಿದರು. “ಎಲ್ಲಾರಿಗೂ ಹಿಂಗಾಗೂದಿಲ್ಲ. ಆದ್ರ ಕೆಲವರಿಗೆ ಈ ಗುಳಿಗಿಯಿಂದ ಮನಸ್ಸ ಹದಗೆಡತೈತಿ. ಸುಮ್ಮಸುಮ್ಮನ ಅಳು, ಎದಿ ಢವಢವ, ಅಂಜಿಕಿ. ನಿನಗ ಯಾವಾಗಿಂದ ಚಾಲೂ ಆತವಾ?”

ಸಂಯುಕ್ತಾ ಬೆರಳು ಮಡಿಸಿ ಎಣಿಸಿದಳು. “ಎರಡನೇ ಶುಕ್ರವಾರದಿಂದ್ರಿ.”

“ಇವತ್ತಿಂದ ಬಂದ್ ಮಾಡು. ನಿಧಾನಕ ಇಳೀಬೇಕು. ಇಳೀಲಿಲ್ಲಂದ್ರ ಬ್ಯಾರೆ ಡಾಕ್ಟರ್‌ಗೆ ತೋರಸೂಣು. ವಾರಕ್ಕೊಮ್ಮೆ ನನ್ನ ಕಡೆ ಬಾ. ಒಬ್ಬಾಕಿನ ಬಾ.”

“ಹಂಗಾರ ನನಗ ಹುಚ್ಚು ಹಿಡದಿಲ್ಲೇನ್ರಿ?”

“ಹುಚ್ಚು ಎಲ್ಲಿದವಾ ತಂಗಿ!”

ಸುಭದ್ರಾಬಾಯಿಗೆ ಅಳು ಒತ್ತರಿಸಿಕೊಂಡು ಬಂತು. ಅದು ಮೊಮ್ಮಗನಿಗಾಗಿಯೋ ಸೊಸೆಗಾಗಿಯೋ ಅವರಿಗೇ ತಿಳಿಯಲಿಲ್ಲ. ಸೊಸೆಯ ಕೈ ಹಿಡಿದುಕೊಂಡರು. “ತಪ್ಪಾತವಾ. ದೇವರಾಣಿ, ನಿನ್ನ ಕೆಡಸಬೇಕಂತ ಮಾಡಿದ್ದಲ್ಲ.”

ಸಂಯುಕ್ತಾ ಕೈ ಬಿಡಿಸಿಕೊಳ್ಳಲಿಲ್ಲ. ಬಹಳ ದಿನದ ಮೇಲೆ ಅಳದೆ, ಸಾವಕಾಶ ಮಾತಾಡಿದಳು.

“ಮೊನ್ನಿ ಮಂಗಳವಾರ ಅರಬಿ ಒಣಹಾಕಾಕ ಮಾಳಗಿಗೆ ಹೋಗಿದ್ನಲ್ಲರಿ ಅತ್ತಿ, ಅವತ್ತ ಅಂಚಿನ ಕುಂಬಿ ಗ್ವಾಡಿ ಮ್ಯಾಲ ಹತ್ತಿ ನಿಂತಿದ್ದೆ. ಕೆಳಗ ರಸ್ತಾ ಕಾಣಾಕತ್ತಿತ್ತು. ‘ಗುಳಿಗಿ ತಗೊಳ್ಳೂದು ಉಳದೈತಿ, ಬಾ’ ಅಂತ ನೀವು ಕರದ್ರಿ. ಅದಕ್ಕ ಇಳದು ಬಂದೆ.”