ಅಂಚಿನ ಪೇದೆ

ದೂರದ ರೀಗಾ ಊರಿಂದ ಬಂದ ಅಂಚೆಕಾರ್ಡನ್ನು ಅರ್ಪಿಕ್ ಗಟ್ಟಿಯಾಗಿ ಓದಲಿಲ್ಲ. ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಎರಡು ಸಲ ಓದಿಕೊಂಡಳು. ಬಾಲ್ಕನಿಯಲ್ಲಿ ಒಣಹಾಕಿದ ಏಪ್ರಿಕಾಟ್ ಹಣ್ಣಿನ ವಾಸನೆ ಮನೆಯೆಲ್ಲ ತುಂಬಿ, ಯೆರೆವಾನಿನ ಅರ್ಧ ಊರೇ ತೂಕಡಿಸುವ ಹೊತ್ತು ಅದು. ಅವಳ ಗಂಡ ಹಮೊ ಮಾತ್ರ ತೂತುಗಳಿರುವ ಚದುರಂಗದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೂಟದ ಕಾಯಿಗಳನ್ನು ಬೆರಳಿನಿಂದ ಸವರುತ್ತ ಎಚ್ಚರವಾಗಿದ್ದ. ಕಲ್ಲುಗಣಿಯ ಸಿಡಿಮದ್ದು ಅವನ ಎರಡು ಕಣ್ಣನ್ನೂ ತಿಂದು ಹದಿನೆಂಟು ವರ್ಷವಾಗಿತ್ತು.

“ಅಂಚೆಯವಳು ಬಂದು ಹೋದ್ಲಲ್ಲ. ರೀಗಾದವನು ಯಾವ ನಡೆ ಕಳಿಸಿದಾನೆ?”

“ತಡಿ, ಕೈ ಒರೆಸ್ಕೋತೀನಿ.” ಅವಳ ಕೈ ಒಣಗಿಯೇ ಇತ್ತು.

ಈ ಹದಿನೆಂಟು ವರ್ಷವೂ ಮಧ್ಯಾಹ್ನ ತಪ್ಪದೆ ಅವಳು ಅವನಿಗೆ ಚದುರಂಗದ ಪುಸ್ತಕ ಓದಿ ಹೇಳಿದ್ದಳು. ಮೊದಲು ಹೊಡೆತಗಳ ಪಾಠ: ಮೂರು ನಡೆಯಲ್ಲಿ ರಾಜನನ್ನು ಕಟ್ಟುವುದು ಹೇಗೆ, ಒಂದೇ ಕುದುರೆಯಿಂದ ಇಬ್ಬರನ್ನು ಹಿಡಿಯುವುದು ಹೇಗೆ. ಆಮೇಲೆ ದೊಡ್ಡ ಆಟಗಾರರ ಆಟಗಳು, ಮೊದಲ ನಡೆಯಿಂದ ಕೊನೆಯವರೆಗೆ. ಆಟ ಅವನದು, ಓದು ಅವಳದು. ಅವಳಿಗೆ ಯಾರೂ ಆಟ ಹೇಳಿಕೊಟ್ಟಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಆದರೆ ಓದುತ್ತ ಓದುತ್ತ ಕಣ್ಣು ಭಾರವಾದಾಗ ರೆಪ್ಪೆಯ ಒಳಗೆ ಕುದುರೆಗಳು ನೆಗೆಯುತ್ತಿದ್ದವು, ಒಂಟೆಗಳು ಓರೆಯಾಗಿ ಜಾರಿ ಹೋಗುತ್ತಿದ್ದವು. ಹಿಟ್ಟು ನಾದುವಾಗ ಯಾವ ಕಾಲದಲ್ಲೋ ಸತ್ತ ಆಟಗಾರರು ಪಕ್ಕದಲ್ಲಿ ಬಂದು ನಿಂತು, ಒಂದು ಮಾತೂ ಆಡದೆ, ಹಿಟ್ಟಿನ ಮೇಲೆ ಕಾಯಿ ನಡೆಸಿ ಹೋಗುತ್ತಿದ್ದರು. ಕೆಲವರ ಆಟ ಅವಳಿಗೆ ಹಿಡಿಸುತ್ತಿತ್ತು, ಕೆಲವರದು ಇಲ್ಲ. ಇಷ್ಟು ಸುಖವನ್ನು ಅವಳು ಯಾರಿಗೂ ಹೇಳದೆ ಒಬ್ಬಳೇ ಉಂಡಿದ್ದಳು.

ತಿಂಗಳ ಹಿಂದೆ ಹಮೊ ಒಂದು ನಡೆ ಹೇಳಿ, ಬರಿ ಅಂದಿದ್ದ. ಅವನದು ಬಿಳಿ ಕಾಯಿ. ಮಂತ್ರಿಯನ್ನು ದೂರದ ಬದಿಗೆ ಕಳಿಸಿ ಅಲ್ಲಿದ್ದ ಬಿಟ್ಟಿ ಪೇದೆಯನ್ನು ಹೊಡೆಯುವ ನಡೆ. ಅಂಚೆಯಲ್ಲಿ ನಡೆ ಬರೆದು ಕಳಿಸಿ ಆಡುವ ಪಂದ್ಯಾವಳಿಯಲ್ಲಿ ರೀಗಾದವನೊಡನೆ ಕೊನೆಯ ಆಟ; ಇದೊಂದನ್ನು ಸೋಲದಿದ್ದರೆ ಸಾಕು, ಹನ್ನೊಂದು ವರ್ಷದಿಂದ ಕನವರಿಸುತ್ತಿದ್ದ ಮಾಸ್ಟರ್ ಪದಕ ಅವನದಾಗುತ್ತಿತ್ತು. ಅರ್ಪಿಕ್ ಪೆನ್ನು ಹಿಡಿದಳು. ಮಂತ್ರಿ ಅತ್ತ ಹೋದದ್ದೇ ತಡ, ಇತ್ತ ಕಪ್ಪು ಕುದುರೆ ನುಗ್ಗುವುದು, ಚೆಕ್, ಇನ್ನೊಂದು ಚೆಕ್, ಕಪ್ಪು ಮಂತ್ರಿ ತಾನಾಗಿ ಬಲಿ ಬೀಳುವುದು, ರಾಜ ತನ್ನವರ ಮಧ್ಯದಲ್ಲೇ ಅಲುಗಾಡಲಾಗದೆ ಸಾಯುವುದು, ಎಲ್ಲವೂ ನೂರು ಸಲ ಹಾಡಿದ ಲಾಲಿಯಂತೆ ಕಣ್ಣೆದುರು ಹರಿದು ಹೋಯಿತು. ಬಾಯಿಬಿಟ್ಟು ಹೇಳಬಹುದಿತ್ತು. ನಿನಗೇನು ಗೊತ್ತು ಅಂತ ನಕ್ಕುಬಿಟ್ಟರೆ ಎಂಬ ಅಳುಕು. ಹೇಳುವ ಬದಲು ಅವಳ ಕೈ ಬೇರೆಯದನ್ನೇ ಬರೆಯಿತು: ರಾಜನ ಮುಂದಿನ ಅಂಚಿನ ಪೇದೆ, ಒಂದು ಮನೆ ಮುಂದೆ. ಆ ಕಾರ್ಡನ್ನೇ ಅಂಚೆಡಬ್ಬಿಗೆ ಹಾಕಿ ಬಂದು ಹಿಟ್ಟು ನಾದಲು ಕೂತಳು.

“ಕೈ ಒರೆಸಿದ್ದಾಯ್ತಾ? ಓದು, ನನ್ನ ಅರ್ಪಿಕ್ ಜಾನ್. ಏನು, ನಿನಗೇ ಪ್ರೇಮಪತ್ರ ಬರ್ದಿದಾನಾ?”

“ಕುದುರೆ ಹಿಂದಕ್ಕೆ ತೆಗ್ದಿದಾನೆ.”

“ಹಿಂದಕ್ಕಾ?” ಹಮೊನ ಬೆರಳು ನಿಂತಿತು. “ಯಾಕೆ? ಅದರ ತಂಟೆಗೆ ಯಾರೂ ಹೋಗಿಲ್ವಲ್ಲ.”

ಅವನ ಬೆರಳು ಕಪ್ಪು ಕುದುರೆಯಿಂದ ಓರೆಯಾಗಿ ಕೆಳಗಿಳಿದು, ಖಾಲಿ ತೂತೊಂದನ್ನು ತಡವಿ, ಅದರ ಹಿಂದಿದ್ದ ಅಂಚಿನ ಪೇದೆಯ ನೆತ್ತಿಯ ಮೇಲೆ ಕೂತಿತು.

“ಇದು ಒಂದು ಮನೆ ಮುಂದೆ ಬಂದಿದ್ರೆ ಮಾತ್ರ ಕುದುರೆ ಓಡ್ಬೇಕು. ಕಾರ್ಡಲ್ಲಿ ಏನ್ ಬರ್ದೆ ನೀನು?”

“ಮಂತ್ರಿ ಆಕಡೆ ಹೋಗಿದ್ರೆ ನಿನ್ನ ರಾಜ ಐದೇ ನಡೇಲಿ ಸಾಯ್ತಿದ್ದ, ಹಮೊ.”

ಹಮೊ ಬಾಯಲ್ಲೇ ಮಣಮಣ ಎಣಿಸುತ್ತ ಆ ಐದು ನಡೆಗಳನ್ನೂ ಬೆರಳಲ್ಲಿ ನಡೆದು ನೋಡಿದ. ಮುಖದ ಬಣ್ಣ ಇಳಿಯಿತು.

“ಇನ್ನೇನು ಬರ್ದಿದಾನೆ?”

“ಆ ಬಿಟ್ಟಿ ಪೇದೆ ತಿಂತೀರಿ ಅಂತ ಬಾಯಿ ಬಿಟ್ಕೊಂಡು ಕೂತಿದ್ನಂತೆ. ‘ಒಳ್ಳೇ ಕಣ್ಣು ನಿಮ್ಮದು’ ಅಂತ ಬರ್ದಿದಾನೆ.” ಹಮೊ ಕುರುಡನೆಂಬುದು ರೀಗಾದವನಿಗೆ ಗೊತ್ತಿರಲಿಲ್ಲ.

ಹಮೊ ನಕ್ಕ. ಆ ನಗುವಿನಲ್ಲಿ ಹೊಟ್ಟೆಕಿಚ್ಚಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. “ಹದಿನೆಂಟು ವರ್ಷ ನೀನು ನನಗೋಸ್ಕರ ಓದ್ತಿದೀಯ ಅಂದ್ಕೊಂಡಿದ್ದೆ.”

“ನಾನೂ ಹಂಗೇ ಅಂದ್ಕೊಂಡಿದ್ದೆ.”

“ಕಾರ್ಡು ತಗೋ. ಆಟ ಬಿಟ್ಟುಕೊಟ್ಟಿದೀನಿ ಅಂತ ಬರಿ.”

“ತಲೆ ಕೆಟ್ಟಿದೆಯಾ ನಿಂಗೆ? ಇನ್ನು ಸೋಲೋ ಮಾತೇ ಇಲ್ಲ. ನಾವಿಬ್ರು ಬಿಟ್ರೆ ಯಾರಿಗೆ ಗೊತ್ತಾಗತ್ತೆ?”

“ನಿನ್ನ ಪದಕಾನ ನನ್ನ ಕೋಟಿಗೆ ಚುಚ್ಕೊಂಡು ಕ್ಲಬ್ಬಿಗೆ ಹೋಗ್ಲಾ? ನನ್ ಕೈಲಾಗಲ್ಲ. ಬರಿ. ಈ ಸಲ ನಾನು ಹೇಳಿದ್ದನ್ನೇ ಬರಿ.”

ಅರ್ಪಿಕ್ ಅತ್ತಳು, ಬೈದಳು, ಅವನ ಅಪ್ಪನ ಕಾಲದ ಹಟವನ್ನೆಲ್ಲ ಎತ್ತಿ ಆಡಿದಳು. ಹಮೊ ಜಗ್ಗಲಿಲ್ಲ. ಕೊನೆಗೆ ಬರೆದಳು, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹನ್ನೊಂದು ವರ್ಷದ ಆಸೆ ಒಂದು ಸಾಲಿನಲ್ಲಿ ಮುಗಿಯಿತು. ಸೋಲಲಿ ಅಂತ ಬಿಟ್ಟಿದ್ದರೆ ಸೋಲಾದರೂ ಅವನದಾಗುತ್ತಿತ್ತು ಅನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಂಚೆಚೀಟಿ ಅಂಟಿಸಿ ತಲೆ ಎತ್ತಿದಾಗ ಹಮೊ ಮಣೆಯನ್ನು ಮೇಜಿನ ಮೇಲಿಟ್ಟು, ಕಾಯಿಗಳನ್ನೆಲ್ಲ ಹೊಸ ಆಟಕ್ಕೆ ಜೋಡಿಸಿ ಮುಗಿಸಿದ್ದ. ಎರಡೂ ಕಡೆ ಒಂದೊಂದು ಪೇದೆ ಕಾಣಲಿಲ್ಲ. ಅವಳು ಕೂತಲ್ಲಿಗಲ್ಲ, ತುಸು ಆಚೆ, ಬರಿಯ ಗಾಳಿಗೆ ಅವನು ಎರಡು ಮುಷ್ಟಿ ಚಾಚಿದ್ದ.

“ಯಾವ ಕೈ? ಬಿಳಿ ಬಂದ್ರೆ ಮೊದಲ ನಡೆ ನಿಂದು.”

ಅರ್ಪಿಕ್ ಸದ್ದಾಗದಂತೆ ಕುರ್ಚಿಯನ್ನು ಎತ್ತಿ, ಆ ಮುಷ್ಟಿಗಳ ಎದುರಿಗೆ ಇಟ್ಟುಕೊಂಡು ಕೂತಳು.